ಪುಟ್ಟ ಲೇತಿನಲ್ಲಿ ಪುಟ್ಟ ಸ್ಕ್ರೂ: 1.6 ಮಿಲಿಮೀಟರ್ ತಿರುಪನ್ನು ಕಡೆಯುವ ಕ್ರಮ

ಹಳೆಯ ಸೂಕ್ಷ್ಮದರ್ಶಕ, ಮೇಜಿನ ಗಡಿಯಾರ, ಕ್ಯಾಮೆರಾ, ಮಾದರಿ ರೈಲಿನ ಎಂಜಿನ್ ಇಂಥವುಗಳಲ್ಲಿ ಒಂದೇ ಒಂದು ಸ್ಕ್ರೂ ಕಳೆದುಹೋದರೂ ಇಡೀ ಸಾಧನ ಮೂಲೆ ಸೇರುತ್ತದೆ. ಅಂಗಡಿಯಲ್ಲಿ ಸಿಗುವ ಸ್ಕ್ರೂವಿನ ತಲೆ ದೊಡ್ಡದಾಗಿರುತ್ತದೆ, ಇಲ್ಲವೇ ಅದರ ಮೇಲೆ ನೇರ ಗೀರಿನ ಬದಲು ನಕ್ಷತ್ರದ ಗುಳಿ ಇರುತ್ತದೆ, ಇಲ್ಲವೇ ಅದರ ಬೆಳ್ಳನೆಯ ಲೇಪ ಹಳೆಯ ಹಿತ್ತಾಳೆಯ ಪಕ್ಕದಲ್ಲಿ ಕಣ್ಣಿಗೆ ಚುಚ್ಚುತ್ತದೆ. ಮೇಜಿನ ಮೇಲೆ ಕೂರುವ ಒಂದು ಹವ್ಯಾಸಿ ಲೇತ್ (ಸಲಾಕೆಯನ್ನು ತಿರುಗಿಸುತ್ತಾ ಹರಿತ ಟೂಲಿನಿಂದ ಕಡೆಯುವ ಯಂತ್ರ) ಇದ್ದರೆ ಅಂಥ ಸ್ಕ್ರೂವನ್ನು ನಾವೇ ಮಾಡಿಕೊಳ್ಳಬಹುದು. ಷೆರ್ಲೈನ್ ಆಗಲಿ, ಹಳೆಯ ಯೂನಿಮ್ಯಾಟ್ ಆಗಲಿ, ಚೀನಾದ ಮಿನಿ ಲೇತ್ ಆಗಲಿ, ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಇಲ್ಲಿ ಉದಾಹರಣೆಗಾಗಿ ಎಂ 1.6 ಅಳತೆಯ (ಅಂದರೆ ಹೊರವ್ಯಾಸ 1.6 ಮಿ.ಮೀ. ಇರುವ ಮೆಟ್ರಿಕ್ ಥ್ರೆಡ್ಡಿನ, ಎಂದರೆ ಸುರುಳಿ ಸುತ್ತುಗಳ), 5 ಮಿ.ಮೀ. ಉದ್ದದ, 3 ಮಿ.ಮೀ. ವ್ಯಾಸದ ಉರುಟು ತಲೆಯ ಹಿತ್ತಾಳೆ ಸ್ಕ್ರೂವೊಂದನ್ನು ತೆಗೆದುಕೊಂಡಿದ್ದೇನೆ.

ನಮ್ಮಲ್ಲಿ ಅನೇಕರಿಗೆ ಈ ಕೆಲಸದ ಆಸೆ ಹುಟ್ಟುವುದು ಮನೆಯಲ್ಲಿರುವ ಹಳೆಯ ಎಚ್‌ಎಂಟಿ ಕೈಗಡಿಯಾರದಿಂದ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಹುಟ್ಟಿ ಮೊದಲು ಲೇತ್‌ಗಳನ್ನೇ ಮಾಡಿದ ಆ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಝನ್ ಕಂಪನಿಯ ಸಹಯೋಗದೊಂದಿಗೆ ಕೈಗಡಿಯಾರಕ್ಕೆ ಕೈಹಾಕಿತೆಂಬುದು ಲೇತ್ ಪ್ರಿಯರಿಗೆ ಹೆಮ್ಮೆಯ ಸಂಗತಿ. ಆದರೆ ಕೈಗಡಿಯಾರದ ಒಳಗಿನ ಸ್ಕ್ರೂಗಳಲ್ಲಿ ಹೆಚ್ಚಿನವು 1 ಮಿ.ಮೀ.ಗಿಂತ ಸಣ್ಣವು, ಕಲಿಯುವ ಕೈಗೆ ಅವು ತಕ್ಕವಲ್ಲ. ಎಂ 1.6 ಅಥವಾ ಎಂ 2ರಿಂದ ಆರಂಭಿಸಿ, ಹತ್ತಿಪ್ಪತ್ತು ಸ್ಕ್ರೂ ಸರಿಯಾಗಿ ಬಂದ ಮೇಲೆ ಕೆಳಗಿಳಿಯುವುದು ಒಳ್ಳೆಯದು.

ಸಣ್ಣ ತುಂಡು ಕೆಡುವುದೇಕೆ

ಸಲಾಕೆಯ ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿಯನ್ನು ತಳ್ಳಿದರೆ ಅದು ಬಾಗುತ್ತದೆ. ಅದರ ಗಟ್ಟಿತನ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿ, ಉದ್ದದ ಮೂರನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವ್ಯಾಸ ಅರ್ಧವಾದರೆ ಅದೇ ಬಲಕ್ಕೆ ಹದಿನಾರು ಪಟ್ಟು ಬಾಗುತ್ತದೆ, ಉದ್ದ ಎರಡರಷ್ಟಾದರೆ ಎಂಟು ಪಟ್ಟು. 1.6 ಮಿ.ಮೀ. ದಪ್ಪದ ಹಿತ್ತಾಳೆ ಕಡ್ಡಿ 6 ಮಿ.ಮೀ. ಹೊರಚಾಚಿಕೊಂಡಿದೆ ಎಂದಿಟ್ಟುಕೊಳ್ಳೋಣ. ಅದರ ತುದಿಯನ್ನು ಅರ್ಧ ಕಿಲೋ ತೂಕದಷ್ಟು ಬಲ ತಳ್ಳಿದರೆ ತುದಿ ಸುಮಾರು 0.01 ಮಿ.ಮೀ. ಸರಿಯುತ್ತದೆ, ಅಂದರೆ ವ್ಯಾಸದಲ್ಲಿ 0.02 ಮಿ.ಮೀ. ವ್ಯತ್ಯಾಸ ಬರುತ್ತದೆ. ಅದೇ ಕಡ್ಡಿ 12 ಮಿ.ಮೀ. ಚಾಚಿಕೊಂಡಿದ್ದರೆ ಈ ತಪ್ಪು ಎಂಟು ಪಟ್ಟಾಗಿ, ಸ್ಕ್ರೂ ಮಾಡುವುದೇ ಅಸಾಧ್ಯವಾಗುತ್ತದೆ.

ದೊಡ್ಡ ಕೆಲಸದಲ್ಲಿ ನಾವು ರೂಢಿಸಿಕೊಂಡ ಅಭ್ಯಾಸ ಇಲ್ಲಿ ತಿರುಗಿಬೀಳುವುದು ಈ ಕಾರಣದಿಂದ. ನಾನು ಮೊದಲು ಮಾಡಿದ ಸ್ಕ್ರೂಗಳಲ್ಲಿ ಬಹಳ ಎಚ್ಚರದಿಂದ, ಒಂದೊಂದು ಸಲಕ್ಕೆ 0.05 ಮಿ.ಮೀ.ನಂತೆ ಹತ್ತಾರು ಕಡಿತ ಕೊಟ್ಟು ವ್ಯಾಸ ಇಳಿಸುತ್ತಾ ಬಂದಿದ್ದೆ. ಮುಗಿಸಿ ಅಳೆದಾಗ ಬುಡದಲ್ಲಿ 1.55 ಮಿ.ಮೀ. ಇದ್ದದ್ದು ತುದಿಯಲ್ಲಿ 1.62 ಇತ್ತು. ಕಡ್ಡಿ ಸಣ್ಣಗಾದಂತೆಲ್ಲ ತುದಿ ಟೂಲಿನಿಂದ ಹಿಂದೆ ಸರಿದು ತಪ್ಪಿಸಿಕೊಂಡಿತ್ತು. ಆ ದಪ್ಪ ತುದಿಯ ಮೇಲೆ ಥ್ರೆಡ್ ಕಡಿಯುವ ಬಿಲ್ಲೆಯಾದ ಡೈ ಹತ್ತಿಸಿದಾಗ ಅದು ಕಚ್ಚಿಕೊಂಡು, ಸ್ಕ್ರೂ ಬುಡದಲ್ಲೇ ಮುರಿಯಿತು. ಒಂದರ ಹಿಂದೆ ಒಂದು, ಐದು ಹಾಗೆಯೇ ಹೋದವು.

ದಪ್ಪ ಸಲಾಕೆಯಿಂದ ಅಂತಿಮ ವ್ಯಾಸಕ್ಕೆ ಒಂದೇ ಕಡಿತದಲ್ಲಿ ಇಳಿದರೆ ಈ ತೊಂದರೆ ಇರುವುದಿಲ್ಲ. ಟೂಲ್ ತುದಿಯಿಂದ, ಸಲಾಕೆಯನ್ನು ಹಿಡಿದು ತಿರುಗಿಸುವ ಚಕ್ಕಿನ ಕಡೆಗೆ ಸಾಗುವಾಗ ಕಡಿತದ ಬಲವೆಲ್ಲ ಇನ್ನೂ ಕಡೆಯದ ದಪ್ಪ ಭಾಗದ ಮೇಲೆ ಬೀಳುತ್ತದೆ. ಸಣ್ಣಗಾದ ಭಾಗ ಟೂಲಿನ ಹಿಂದೆ ಬಲವಿಲ್ಲದೆ ಸುಮ್ಮನೆ ಸುತ್ತುತ್ತಿರುತ್ತದೆ. ಮುಂದಿನ ಎಲ್ಲ ಸಿದ್ಧತೆಯೂ ಈ ಒಂದು ಕಡಿತವನ್ನು ಸಾಧ್ಯವಾಗಿಸುವುದಕ್ಕಾಗಿಯೇ ಇದೆ.

ಅಳತೆ, ಥ್ರೆಡ್, ಲೋಹ

ಹಳೆಯ ಸಾಧನವೊಂದರ ಸ್ಕ್ರೂ ಮಾಡುವುದಾದರೆ ಅದರ ಥ್ರೆಡ್ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅದೇ ಸಾಧನದ ಇನ್ನೊಂದು ಸ್ಕ್ರೂವನ್ನು ಬಿಚ್ಚಿ, ಮೈಕ್ರೋಮೀಟರಿನಲ್ಲಿ ಹೊರವ್ಯಾಸ ಅಳೆದು, ಭೂತಗನ್ನಡಿಯ ಕೆಳಗೆ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಹತ್ತು ಸುತ್ತುಗಳಿಗೆ ಎಷ್ಟು ಮಿಲಿಮೀಟರ್ ಆಗುತ್ತದೆಂದು ನೋಡಬೇಕು. ಬ್ರಿಟನ್ನಿನಲ್ಲಿ ತಯಾರಾದ ಹಳೆಯ ಉಪಕರಣಗಳಲ್ಲಿ ಬಿಎ ಎಂಬ ಥ್ರೆಡ್ ಸಾಮಾನ್ಯ. ಸ್ವಿಟ್ಜರ್ಲೆಂಡಿನ ಥ್ಯೂರಿ ಪದ್ಧತಿಯನ್ನು ಆಧರಿಸಿ 1884ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅದನ್ನು ರೂಪಿಸಿತು. ಅದರ ಕೋನ 47.5 ಡಿಗ್ರಿ, ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ. ಎಡವುವುದು ಸುಲಭವಾದ ಜಾಗ ಒಂದಿದೆ: 10 ಬಿಎ ಸ್ಕ್ರೂವಿನ ವ್ಯಾಸ 1.7 ಮಿ.ಮೀ., ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ) 0.35 ಮಿ.ಮೀ.; ಎಂ 1.6ರ ಪಿಚ್ ಕೂಡ 0.35 ಮಿ.ಮೀ. ಹಾಗಾಗಿ ಎಂ 1.6 ಸ್ಕ್ರೂ 10 ಬಿಎ ರಂಧ್ರದೊಳಗೆ ಯಾವ ತಕರಾರೂ ಇಲ್ಲದೆ ಹೋಗುತ್ತದೆ, ಆದರೆ ಸಡಿಲವಾಗಿ ಕೂತು, ಬಿಗಿ ಮಾಡಿದಾಗ ರಂಧ್ರದ ಥ್ರೆಡ್ಡನ್ನು ಕೆಡಿಸುತ್ತದೆ. ಸಡಿಲವೆನಿಸಿದ ಕೂಡಲೇ ನಿಲ್ಲಿಸಿ ಮತ್ತೊಮ್ಮೆ ಅಳೆಯಬೇಕು.

ಲೋಹದ ವಿಷಯದಲ್ಲಿ ಜಿಪುಣತನ ಬೇಡ. ಸೀಸ ಬೆರೆತ, ಸಲೀಸಾಗಿ ಕಡಿಯುವ ಹಿತ್ತಾಳೆ ಸಲಾಕೆಯನ್ನೇ ಕೇಳಿ ತರಬೇಕು. ಅದರ ತರಿ ಸಣ್ಣ ಸೂಜಿಗಳಂತೆ ಉದುರುತ್ತದೆ. ಗುಜರಿಯ ಹಿತ್ತಾಳೆಯಲ್ಲಿ ಯಾವ ಮಿಶ್ರಣವಿದೆಯೋ ಗೊತ್ತಾಗುವುದಿಲ್ಲ, ಕೆಲವು ತುಂಡುಗಳು ಟೂಲಿಗೆ ಅಂಟಿಕೊಂಡು ಮೇಲ್ಮೈಯನ್ನು ಹರಿದುಬಿಡುತ್ತವೆ. ಉಕ್ಕಿನ ಸ್ಕ್ರೂ ಬೇಕಾದರೆ ಸೀಸ ಸೇರಿದ ಮೆದು ಉಕ್ಕು ಅಥವಾ ಸಿಲ್ವರ್ ಸ್ಟೀಲ್ ಸರಿ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಸಿಲ್ವರ್ ಸ್ಟೀಲಿನಲ್ಲಿ ಬೆಳ್ಳಿಯಿಲ್ಲ. ಅದು ನುಣ್ಣಗೆ ಉಜ್ಜಿ ಹೊಳಪು ಬಂದ, ಹೆಚ್ಚು ಇಂಗಾಲವಿರುವ ಉಕ್ಕು. ನಮ್ಮ ಸ್ಕ್ರೂವಿಗೆ 4 ಮಿ.ಮೀ. ಸಲಾಕೆ ಸಾಕು.

ಟೂಲನ್ನು ಹದಗೊಳಿಸುವುದು

ಅಂಗಡಿಯಿಂದ ತಂದ ಕಾರ್ಬೈಡ್ ತುಣುಕುಗಳ ಮೂಗು ಸಾಮಾನ್ಯವಾಗಿ 0.4 ಮಿ.ಮೀ. ತ್ರಿಜ್ಯದಷ್ಟು ದುಂಡಗಿರುತ್ತದೆ. ದೊಡ್ಡ ಕೆಲಸಕ್ಕೆ ಅದೇ ಒಳ್ಳೆಯದು. ಆದರೆ ಸ್ಕ್ರೂವಿನ ತಲೆಯ ಕೆಳಗೆ ಅಷ್ಟು ದೊಡ್ಡ ದುಂಡು ಉಳಿದರೆ ತಲೆ ರಂಧ್ರದ ಅಂಚಿನ ಮೇಲೆ ಸಪಾಟಾಗಿ ಕೂರುವುದೇ ಇಲ್ಲ. ಇದಕ್ಕೆ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲನ್ನು ನಾವೇ ಉಜ್ಜಿಕೊಳ್ಳುವುದು ಲೇಸು. ಹಿತ್ತಾಳೆಗೆ ಮೇಲ್ಮುಖವನ್ನು ಇಳಿಜಾರಿಲ್ಲದೆ ಸಪಾಟಾಗಿಯೇ ಬಿಡಬೇಕು, ಇಲ್ಲದಿದ್ದರೆ ಟೂಲ್ ಲೋಹದೊಳಕ್ಕೆ ತಾನಾಗಿ ಸೆಳೆದುಕೊಂಡು ಸ್ಕ್ರೂವನ್ನು ಎತ್ತಿಬಿಡುತ್ತದೆ. ಉಕ್ಕಿಗೆ ಸುಮಾರು 10 ಡಿಗ್ರಿ ಇಳಿಜಾರು ಕೊಟ್ಟರೆ ಕಡಿತ ಹಗುರವಾಗುತ್ತದೆ. ಸಾಣೆಯಿಂದ ಬಂದ ಅಂಚು ಕಣ್ಣಿಗೆ ಹರಿತವಾಗಿ ಕಂಡರೂ ಭೂತಗನ್ನಡಿಯಲ್ಲಿ ಗರಗಸದ ಹಲ್ಲಿನಂತಿರುತ್ತದೆ. ಎಣ್ಣೆಕಲ್ಲಿನ ಮೇಲೆ ಎರಡೂ ಮುಖಗಳನ್ನು ಉಜ್ಜಿ ಹೊಳಪಿಸಿ, ಕಡೆಗೆ ಮೂಗನ್ನು ಕಲ್ಲಿಗೆ ಒಂದೆರಡು ಸಲ ಸೋಕಿಸಿದರೆ ಸಾಕು. ಉಗುರಿನ ಮೇಲೆ ಅಂಚನ್ನು ಮೆಲ್ಲಗೆ ಎಳೆದಾಗ ಜಾರದೆ ಕಚ್ಚಿದರೆ ಅದು ಸಿದ್ಧವಾಗಿದೆ.

ಟೂಲಿನ ತುದಿ ಸ್ಪಿಂಡಲಿನ (ಚಕ್ಕನ್ನು ತಿರುಗಿಸುವ ದಂಡದ) ಮಧ್ಯರೇಖೆಯ ಎತ್ತರಕ್ಕೇ ಇರಬೇಕೆಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ಆದರೆ 30 ಮಿ.ಮೀ. ಸಲಾಕೆಯಲ್ಲಿ ಕ್ಷಮಿಸಬಹುದಾದ ತಪ್ಪು ಇಲ್ಲಿ ಕ್ಷಮ್ಯವಲ್ಲ. ಟೂಲ್ 0.1 ಮಿ.ಮೀ. ಕೆಳಗಿದ್ದರೆ ಸಲಾಕೆಯ ಮುಖವನ್ನು ಸಪಾಟುಗೊಳಿಸುವಾಗ ನಡುವೆ 0.2 ಮಿ.ಮೀ. ವ್ಯಾಸದ ಒಂದು ಮೊಳಕೆ ಉಳಿಯುತ್ತದೆ. ಆ ಮೊಳಕೆಯೇ ನಮಗೆ ಅಳತೆಗೋಲು. ಅದು ನೆಟ್ಟಗೆ ಕಂಬದಂತೆ ಉಳಿದರೆ ಟೂಲ್ ಕೆಳಗಿದೆ; ಉಜ್ಜಿ ಹಿಚುಕಿದ ಶಂಕುವಿನಂತೆ ಕಂಡರೆ ಮೇಲಿದೆ. ಫೀಲರ್ ಗೇಜಿನ ತಗಡುಗಳನ್ನು ಟೂಲಿನ ಅಡಿಗೆ ಇಟ್ಟು ತೆಗೆದು, ಮೊಳಕೆ ಪೂರ್ತಿ ಮಾಯವಾಗುವವರೆಗೆ ಸರಿಹೊಂದಿಸಬೇಕು. ಇದಕ್ಕೆ ಹತ್ತು ನಿಮಿಷ ಹೋದರೂ ಹೋಗಲಿ.

ಟೂಲನ್ನು ಸರಿಸುವ ಸ್ಲೈಡುಗಳು ಅಲುಗಾಡದಂತೆ ಅವುಗಳ ಗಿಬ್ ಸ್ಕ್ರೂಗಳನ್ನು ಒಮ್ಮೆ ಬಿಗಿಮಾಡಿಕೊಳ್ಳಬೇಕು. ಟೂಲನ್ನು ಸಲಾಕೆಗೆ ಅಡ್ಡಲಾಗಿ ಸರಿಸುವ ಕ್ರಾಸ್ ಸ್ಲೈಡಿನ ಡಯಲ್ ತೋರಿಸುವುದು ತ್ರಿಜ್ಯವನ್ನೋ ವ್ಯಾಸವನ್ನೋ ಎಂದು ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿ ತಿಳಿದಿರಬೇಕು. ಹಿಡಿಕೆಯನ್ನು ಹಿಂದೆ ತಿರುಗಿಸಿದಾಗ ಇರುವ ಸಡಿಲು ಅಳತೆಯೊಳಗೆ ಸೇರದಂತೆ ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರಬೇಕು.

ಕಡೆಯುವುದು

ಕೆಲಸಕ್ಕೆ ಕೈಹಾಕುವ ಮೊದಲು ಕನ್ನಡಕ ಹಾಕಿಕೊಳ್ಳಬೇಕು. ಕೈಗವಸು ಖಂಡಿತ ಬೇಡ. ಸೆರಗು, ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಇವೆಲ್ಲವನ್ನೂ ಕಟ್ಟಿಕೊಳ್ಳಬೇಕು. ಯಂತ್ರ ಪುಟ್ಟದೆಂಬ ಸಲಿಗೆಯಿಂದ ತಿರುಗುತ್ತಿರುವ ಸಲಾಕೆಯ ಮೇಲಿನ ತರಿಯನ್ನು ಬೆರಳಿನಿಂದ ಒರೆಸುವವರಿದ್ದಾರೆ, ಅದನ್ನು ಎಂದೂ ಮಾಡಬಾರದು.

ಸಲಾಕೆಯನ್ನು 4 ಮಿ.ಮೀ. ಕಾಲೆಟ್ಟಿನಲ್ಲಿ (ಸುತ್ತಲೂ ಸಮವಾಗಿ ಬಿಗಿಯುವ ಸೀಳಿದ ಕೊಳವೆಯಲ್ಲಿ) 9 ಮಿ.ಮೀ.ನಷ್ಟು ಮಾತ್ರ ಹೊರಬಿಟ್ಟು ಬಿಗಿಯಬೇಕು: ಸ್ಕ್ರೂವಿನ ಮೈಗೆ 5, ತಲೆಗೆ 1.3, ಕತ್ತರಿಸುವ ಟೂಲಿಗೆ 1, ಉಳಿದದ್ದು ಕಾಲೆಟ್ಟಿಗೆ ಟೂಲ್ ತಾಗದಿರಲು. ಕಾಲೆಟ್ ಇಲ್ಲದವರು ಮೂರು ದವಡೆಯ ಚಕ್ಕನ್ನೇ ಬಳಸಬಹುದು. ಚಕ್ಕಿನಲ್ಲಿ ಸಲಾಕೆ ಸ್ವಲ್ಪ ಓಲಾಡಿದರೂ ತಲೆ ಮತ್ತು ಮೈ ಎರಡನ್ನೂ ಬಿಚ್ಚದೆ ಒಂದೇ ಹಿಡಿತದಲ್ಲಿ ಕಡೆಯುವುದರಿಂದ ಅವು ಪರಸ್ಪರ ನೇರವಾಗಿಯೇ ಇರುತ್ತವೆ. 3 ಮಿ.ಮೀ. ತಲೆಗೆ 4 ಮಿ.ಮೀ. ಸಲಾಕೆ ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ವೇಗದ ಬಗ್ಗೆ ಹೆದರಬೇಕಾಗಿಲ್ಲ. 4 ಮಿ.ಮೀ. ಸಲಾಕೆ ನಿಮಿಷಕ್ಕೆ 2500 ಸುತ್ತು ತಿರುಗಿದರೂ ಅದರ ಮೇಲ್ಮೈ ನಿಮಿಷಕ್ಕೆ ಸುಮಾರು 31 ಮೀಟರ್ ಮಾತ್ರ ಸಾಗುತ್ತದೆ, ಹಿತ್ತಾಳೆಗೆ ಅದು ಏನೂ ಅಲ್ಲ. ಯಂತ್ರಕ್ಕೆ ನೆಮ್ಮದಿಯೆನಿಸುವ ಗರಿಷ್ಠ ವೇಗದಲ್ಲೇ ಓಡಿಸಬಹುದು. ಸಿಲ್ವರ್ ಸ್ಟೀಲ್ ಆದರೆ 1200ರಿಂದ 1500 ಸುತ್ತು, ಜೊತೆಗೆ ಕುಂಚದಿಂದ ಒಂದು ಹನಿ ಕಟಿಂಗ್ ಎಣ್ಣೆ.

ಮೊದಲು ಮುಖವನ್ನು ಸಪಾಟುಗೊಳಿಸಿ, ನಂತರ 7.5 ಮಿ.ಮೀ. ಉದ್ದಕ್ಕೆ ವ್ಯಾಸವನ್ನು 3 ಮಿ.ಮೀ.ಗೆ ಇಳಿಸಬೇಕು. ಈಗ ಬರುವುದೇ ಆ ಒಂದು ಕಡಿತ. ಅಂತಿಮ ವ್ಯಾಸ 1.55 ಮಿ.ಮೀ. ಆಗಬೇಕು. ಎಂ 1.6 ಎಂದರೆ ಕಡ್ಡಿ 1.60 ಇರಬೇಕೆಂದು ಅನೇಕರು ತಿಳಿಯುತ್ತಾರೆ. ಡೈ ಲೋಹವನ್ನು ಕಡಿಯುವುದರ ಜೊತೆಗೆ ಸ್ವಲ್ಪ ಹಿಚುಕಿ ಮೇಲಕ್ಕೆಬ್ಬಿಸುವುದರಿಂದ 1.60ರ ಕಡ್ಡಿ ಡೈಯೊಳಗೆ ಸಿಕ್ಕಿಬೀಳುತ್ತದೆ. ಪ್ರಮಾಣಿತ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಯಲ್ಲೂ ಎಂ 1.6 ಸ್ಕ್ರೂವಿನ ಹೊರವ್ಯಾಸ 1.58ರಿಂದ 1.50ರವರೆಗೆ ಇರಬಹುದು.

ತುದಿಯ 1 ಮಿ.ಮೀ. ಉದ್ದವನ್ನು ಮಾತ್ರ ಸುಮಾರು 1.7 ಮಿ.ಮೀ.ಗೆ ಕಡೆದು, ಯಂತ್ರ ನಿಲ್ಲಿಸಿ, ಮೈಕ್ರೋಮೀಟರಿನಲ್ಲಿ ಅಳೆಯಬೇಕು. 1.70 ಬಂದರೆ ಉಳಿದದ್ದು ವ್ಯಾಸದಲ್ಲಿ 0.15, ಅಂದರೆ ಟೂಲ್ ಮುಂದೆ ಹೋಗಬೇಕಾದದ್ದು 0.075. ಅಷ್ಟು ಮುಂದಿಟ್ಟು ಅದೇ 1 ಮಿ.ಮೀ. ಭಾಗವನ್ನು ಮತ್ತೆ ಕಡೆದು ಅಳೆದು, 1.55 ಎಂದು ಖಚಿತವಾದ ಮೇಲೆ ಕ್ರಾಸ್ ಸ್ಲೈಡನ್ನು ಮುಟ್ಟದೆ ಉದ್ದಕ್ಕೆ ನಿಧಾನವಾಗಿ, ನಿಲ್ಲದೆ ಸಾಗಬೇಕು. 5 ಮಿ.ಮೀ. ದೂರಕ್ಕೆ ಐದಾರು ಸೆಕೆಂಡು ಹಿಡಿಯುವಷ್ಟು ನಿಧಾನ. 3 ಮಿ.ಮೀ. ದಪ್ಪದ ಸಲಾಕೆ ಟೂಲಿನ ಮುಂದೆ ಕರಗುತ್ತಾ ಹೋಗಿ, ಹಿಂದೆ ಅಕ್ಕಿಕಾಳಿಗಿಂತ ತೆಳ್ಳನೆಯ ಹೊಳೆಯುವ ಕಡ್ಡಿ ಉಳಿಯುವುದನ್ನು ಹತ್ತಿರದಿಂದ ನೋಡುವುದು ಈ ಕೆಲಸದ ದೊಡ್ಡ ಸುಖ. ಬುಡ ತಲುಪಿದೊಡನೆ ಟೂಲನ್ನು ಹೊರಕ್ಕೆಳೆದರೆ ತಲೆಯ ಕೆಳಮುಖವೂ ಸಪಾಟಾಗುತ್ತದೆ. ಅದೇ ಕಡಿತವನ್ನು ಇನ್ನೊಮ್ಮೆ ಕೊಡುವ ಆಸೆಯನ್ನು ತಡೆದುಕೊಳ್ಳಬೇಕು. ಯಂತ್ರ ಉಕ್ಕಿನಲ್ಲಿ ಇಷ್ಟು ಆಳವನ್ನು ತಡೆಯದಿದ್ದರೆ 2 ಮಿ.ಮೀ. ಉದ್ದದ ತುಣುಕುಗಳಾಗಿ, ಪ್ರತಿಯೊಂದನ್ನೂ ಅಂತಿಮ ವ್ಯಾಸಕ್ಕೇ ಇಳಿಸಿ, ತುದಿಯಿಂದ ಬುಡದತ್ತ ಮುಂದುವರಿಯಬಹುದು.

ತುದಿಯ ಅಂಚನ್ನು 45 ಡಿಗ್ರಿಗೆ ಸ್ವಲ್ಪ ಸವರಿದರೆ ಡೈ ಹತ್ತಲು ದಾರಿಯಾಗುತ್ತದೆ.

ಥ್ರೆಡ್ ಹಾಕುವುದು

ಇಷ್ಟು ಸಣ್ಣ ಥ್ರೆಡ್ಡನ್ನು ಲೇತಿನ ಗೇರುಗಳಿಂದ ಒಂಟಿ ಟೂಲಿನಲ್ಲಿ ಕಡಿಯುವುದು ಸಾಧ್ಯ, ಆದರೆ ಮತ್ತೆ ಹಲವು ಕಡಿತಗಳು, ಮತ್ತೆ ಅದೇ ಬಾಗುವಿಕೆ. ಡೈ ಬಳಸುವುದೇ ಮೇಲು. ಎಂ 1.6 ಡೈ ಸಾಮಾನ್ಯವಾಗಿ 16 ಮಿ.ಮೀ. ವ್ಯಾಸದ್ದು, ಚಕ್ಕಿನ ಎದುರು ತುದಿಯಲ್ಲಿರುವ ಟೇಲ್‌ಸ್ಟಾಕಿನಲ್ಲಿ ಹಿಡಿದ ಕಂಬಿಯ ಮೇಲೆ ಜಾರುವ ಡೈ ಹೋಲ್ಡರಿನಲ್ಲಿ ಅದನ್ನು ಕೂರಿಸಿದರೆ ನೇರವಾಗಿ ಹೋಗುತ್ತದೆ. ಮೋಟಾರಿನ ಪ್ಲಗ್ ಕಿತ್ತು, ಚಕ್ಕನ್ನು ಕೈಯಿಂದ ತಿರುಗಿಸಬೇಕು. ಹೋಲ್ಡರಿಗೆ ಹಿಡಿಕೆ ಹಾಕದೆ ಎರಡು ಬೆರಳಿನಿಂದ ಹಿಡಿಯುವುದು ನನ್ನ ಪದ್ಧತಿ. ಡೈ ಸಿಕ್ಕಿಬಿದ್ದರೆ ಸ್ಕ್ರೂ ಮುರಿಯುವ ಮೊದಲೇ ಹೋಲ್ಡರ್ ಬೆರಳಿನಲ್ಲಿ ಜಾರಿಬಿಡುತ್ತದೆ. ಈ ಥ್ರೆಡ್ಡಿನ ಒಳತಿರುಳು ಕೇವಲ 1.17 ಮಿ.ಮೀ. ಎಂಬುದು ನೆನಪಿದ್ದರೆ ಕೈ ತಾನಾಗಿ ಹಗುರವಾಗುತ್ತದೆ.

ಅಕ್ಷರಗಳಿರುವ ಮುಖವನ್ನು ಸ್ಕ್ರೂವಿನ ಕಡೆಗಿಟ್ಟು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ಸಾಗಬೇಕು. ಡೈ ತಲೆಯ ಬಳಿಗೆ ಬಂದಾಗ ಅದರ ಬಾಯಿಯ ಇಳಿಜಾರಿನಿಂದಾಗಿ ಕೊನೆಯ ಒಂದೆರಡು ಸುತ್ತು ಪೂರ್ತಿಯಾಗಿ ಮೂಡುವುದಿಲ್ಲ. ಆಗ ಡೈಯನ್ನು ಹೊರತೆಗೆದು, ತಿರುಗಿಸಿ ಕೂರಿಸಿ, ಅದೇ ಥ್ರೆಡ್ಡಿನ ಮೇಲೆ ಮತ್ತೊಮ್ಮೆ ಒಯ್ದರೆ ತಲೆಗೆ ಇನ್ನಷ್ಟು ಹತ್ತಿರ ಮುಟ್ಟುತ್ತದೆ. ತಲೆಯ ಕೆಳಗೆ ತೋಡು ಕೊರೆದು ಬಿಡುವು ಮಾಡಿಕೊಳ್ಳುವುದು ದೊಡ್ಡ ಬೋಲ್ಟುಗಳಲ್ಲಿ ವಾಡಿಕೆ. ಈ ಅಳತೆಯಲ್ಲಿ ಅದು ಸ್ಕ್ರೂವನ್ನೇ ದುರ್ಬಲಗೊಳಿಸುತ್ತದೆ. ಅದಕ್ಕಿಂತ, ಸ್ಕ್ರೂ ಕೂರುವ ರಂಧ್ರದ ಬಾಯಿಯನ್ನು ಕೂದಲೆಳೆಯಷ್ಟು ಅಗಲಿಸುವುದು ಉತ್ತಮ.

ಸಲಾಕೆಯಿಂದ ಬೇರ್ಪಡಿಸುವ ಮೊದಲೇ ಪರೀಕ್ಷೆಯ ನಟ್ ಒಂದನ್ನು ಹತ್ತಿಸಿ ನೋಡಬೇಕು. 1.25 ಮಿ.ಮೀ. ರಂಧ್ರ ಕೊರೆದು ಎಂ 1.6 ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕಡಿಯುವ ಉಪಕರಣ) ಹಾಕಿದ ಹಿತ್ತಾಳೆ ತಗಡೇ ಸಾಕು. ಬಿಗಿಯೆನಿಸಿದರೆ ಡೈಯ ಸ್ಕ್ರೂವಿನಿಂದ ಅದನ್ನು ಸ್ವಲ್ಪ ಮುಚ್ಚಿ ಇನ್ನೊಮ್ಮೆ ಹಾಯಿಸಬಹುದು. ಸಲಾಕೆಯಿಂದ ಬೇರ್ಪಟ್ಟ ಮೇಲೆ ಈ ಅವಕಾಶವಿಲ್ಲ.

ಕತ್ತರಿಸಿ ತಲೆ ರೂಪಿಸುವುದು

ಹೆಚ್ಚಿನ ಸ್ಕ್ರೂಗಳು ಕಳೆದುಹೋಗುವುದು ಕತ್ತರಿಸುವ ಕ್ಷಣದಲ್ಲಿ. ಬೇರ್ಪಟ್ಟ ತುಂಡು ಎತ್ತ ಸಿಡಿಯಿತೆಂದು ಕಣ್ಣಿಗೆ ತಿಳಿಯುವುದೇ ಇಲ್ಲ. ತಂಪು ಪಾನೀಯದ ಸ್ಟ್ರಾ ಒಂದನ್ನು ಗಿಡ್ಡಗೆ ಕತ್ತರಿಸಿ, ಟೇಲ್‌ಸ್ಟಾಕಿನ ಡ್ರಿಲ್ ಚಕ್ಕಿನಲ್ಲಿ ಹಿಡಿದು, ಸ್ಕ್ರೂವಿನ ಮೈಯನ್ನು ಸುತ್ತುವರಿಯುವಂತೆ ಮುಂದೆ ತಂದಿಟ್ಟರೆ ಬೇರ್ಪಟ್ಟ ಸ್ಕ್ರೂ ಅದರೊಳಗೇ ಉಳಿಯುತ್ತದೆ. 1 ಮಿ.ಮೀ. ಅಥವಾ ಇನ್ನೂ ಕಡಿಮೆ ಅಗಲದ ಪಾರ್ಟಿಂಗ್ ಟೂಲಿನಿಂದ, ವೇಗವನ್ನು ಅರ್ಧಕ್ಕಿಳಿಸಿ, ತಲೆಗೆ 1.3 ಮಿ.ಮೀ. ದಪ್ಪ ಬಿಟ್ಟು ಕತ್ತರಿಸಬೇಕು.

ಇನ್ನು ತಲೆಯ ಮೇಲ್ಮುಖ. ಇದಕ್ಕೊಂದು ಹಿಡಿಕೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. 8 ಮಿ.ಮೀ. ಹಿತ್ತಾಳೆ ಸಲಾಕೆಯ ತುಂಡಿಗೆ ನಡುವೆ 1.25 ಮಿ.ಮೀ. ರಂಧ್ರ ಕೊರೆದು, ಎಂ 1.6 ಟ್ಯಾಪ್ ಹಾಕಿ, ಬಾಯಿಯನ್ನು ಸವರಿ, ಒಂದು ಬದಿಯಲ್ಲಿ ಉದ್ದಕ್ಕೆ ಸೀಳಬೇಕು. ಅದರೊಳಗೆ ಸ್ಕ್ರೂವನ್ನು ತಿರುಪಿ ಚಕ್ಕಿನಲ್ಲಿ ಬಿಗಿದರೆ ಸೀಳು ಮುಚ್ಚಿಕೊಂಡು ಥ್ರೆಡ್ಡನ್ನು ಗಾಯಗೊಳಿಸದೆ ಹಿಡಿಯುತ್ತದೆ. ಈ ಒಂದು ತುಂಡು ನೂರಾರು ಸ್ಕ್ರೂಗಳಿಗೆ ಬರುತ್ತದೆ. ಪ್ರತಿ ಅಳತೆಗೂ ಒಂದೊಂದನ್ನು ಮಾಡಿ ಡಬ್ಬಿಯಲ್ಲಿಡಬೇಕು. ಹೀಗೆ ಹಿಡಿದು ತಲೆಯನ್ನು 1.1 ಮಿ.ಮೀ.ಗೆ ಸಪಾಟುಗೊಳಿಸಿ, ಅಂಚಿನ ಚೂಪನ್ನು ಮುರಿಯಬೇಕು.

ಗೀರು ಹಾಕಲು 0.4 ಮಿ.ಮೀ. ದಪ್ಪದ ವೃತ್ತಾಕಾರದ ಗರಗಸವನ್ನು ಸ್ಪಿಂಡಲಿನಲ್ಲಿ ಹಿಡಿದು, ಸ್ಕ್ರೂ ಇರುವ ಹಿಡಿಕೆಯನ್ನು ಟೂಲ್ ಪೋಸ್ಟಿನಲ್ಲಿ ಅಡ್ಡಲಾಗಿ, ಮಧ್ಯರೇಖೆಯ ಎತ್ತರಕ್ಕೆ ಬಿಗಿಯಬಹುದು. ಗರಗಸದ ಬದಿ ತಲೆಯ ಬದಿಗೆ ಸೋಕುವವರೆಗೆ ತಂದು, ಅಲ್ಲಿಂದ 1.7 ಮಿ.ಮೀ. ಸರಿಸಿದರೆ ಗೀರು ಸರಿಯಾಗಿ ನಡುವಿಗೆ ಬರುತ್ತದೆ. ತಲೆಯ ತ್ರಿಜ್ಯ 1.5 ಮತ್ತು ಗರಗಸದ ಅರ್ಧ ದಪ್ಪ 0.2 ಸೇರಿದ ಲೆಕ್ಕ ಅದು. 20 ಮಿ.ಮೀ. ಗರಗಸಕ್ಕೆ ನಿಮಿಷಕ್ಕೆ 300 ಸುತ್ತು, ಗೀರಿನ ಆಳ 0.45. ಇಷ್ಟೆಲ್ಲ ಸಲಕರಣೆ ಇಲ್ಲದಿದ್ದರೆ ಅಕ್ಕಸಾಲಿಗರು ಬಳಸುವ ತೆಳು ಗರಗಸವೇ ಸಾಕು. ಅದರ 4ನೇ ನಂಬರಿನ ಅಲಗು ಸುಮಾರು 0.38 ಮಿ.ಮೀ. ದಪ್ಪವಿದ್ದು ಈ ತಲೆಗೆ ಹೇಳಿ ಮಾಡಿಸಿದಂತಿದೆ. ಮೊದಲು ಟೂಲಿನ ಮೂಗಿನಿಂದ ತಲೆಯ ಮೇಲೆ ನಡುಗೆರೆ ಎಳೆದುಕೊಂಡು, ಆ ಗೆರೆಯ ಮೇಲೆ ಗರಗಸವನ್ನು ಭಾರ ಹಾಕದೆ ಆಡಿಸಬೇಕು. ಕಬ್ಬಿಣ ಕುಯ್ಯುವ ಸಾಮಾನ್ಯ ಹ್ಯಾಕ್ಸಾ ಅಲಗು ಇದಕ್ಕೆ ಬಹಳ ದಪ್ಪ.

ವಾಷರು, ಪುಟ್ಟ ಬುಷ್, ಸ್ಪೇಸರ್ ಇವುಗಳಿಗೂ ಇದೇ ರೀತಿ. ಸಲಾಕೆಯ ಹೊರವ್ಯಾಸ ಕಡೆದು, ಚಿಕ್ಕ ಸೆಂಟರ್ ಡ್ರಿಲ್ಲಿನಿಂದ ಗುಳಿ ಮಾಡಿ, ಬೇಕಾದ ಡ್ರಿಲ್ಲನ್ನು ಆದಷ್ಟು ಗಿಡ್ಡಗೆ ಹಿಡಿದು ಒಳಬಿಡಬೇಕು. ಡ್ರಿಲ್ಲಿನ ವ್ಯಾಸದಷ್ಟು ಆಳ ಹೋದಾಗೊಮ್ಮೆ ಪೂರ್ತಿ ಹೊರತೆಗೆದು ತರಿ ಒರೆಸಬೇಕು, ಏಕೆಂದರೆ 1 ಮಿ.ಮೀ. ಡ್ರಿಲ್ ಮುರಿಯುವುದು ಬಹುಪಾಲು ತರಿ ತುಂಬಿಕೊಂಡೇ. ನಂತರ ಒಂದೊಂದಾಗಿ ಕತ್ತರಿಸಿದರೆ ಒಂದೇ ರಂಧ್ರದಿಂದ ಎಂಟು ಹತ್ತು ವಾಷರು ಸಿಗುತ್ತವೆ. ಒಳಬದಿಯ ಬರ್ ತೆಗೆಯಲು ದೊಡ್ಡ ಡ್ರಿಲ್ಲನ್ನು ಬೆರಳಿನಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರೆ ಆಯಿತು.

ಉಕ್ಕಿನ ಸ್ಕ್ರೂವಿಗೆ ನೀಲಿ ಬಣ್ಣ

ಗಡಿಯಾರಗಳಲ್ಲಿ ಕಾಣುವ ನೀಲಿ ಸ್ಕ್ರೂಗಳಿಗೆ ಬಣ್ಣ ಬಳಿದಿರುವುದಿಲ್ಲ. ಕಾಯಿಸಿದ ಉಕ್ಕಿನ ಮೇಲೆ ಮೂಡುವ ಅತಿ ತೆಳುವಾದ ಆಕ್ಸೈಡ್ ಪದರವೇ ಆ ನೀಲಿ. ಇದಕ್ಕೆ ತಲೆಯ ಮೇಲೆ ಒಂದು ಗೀರೂ ಇರಬಾರದು. ಗಾಜಿನ ಹಲಗೆಗೆ ಅಂಟಿಸಿದ ನಯವಾದ ಮರಳುಕಾಗದದ ಮೇಲೆ ತಲೆಯನ್ನು ಹಿಡಿಕೆಯ ಸಮೇತ ಉಜ್ಜಿ, ಕಡೆಗೆ 2000ನೇ ನಂಬರಿನ ಕಾಗದಕ್ಕೆ ತರಬೇಕು. ಆಮೇಲೆ ಅಸಿಟೋನ್ ಅಥವಾ ಸ್ಪಿರಿಟ್ಟಿನಲ್ಲಿ ತೊಳೆದು, ಚಿಮುಟದಿಂದ ಮಾತ್ರ ಎತ್ತಬೇಕು. ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಬಣ್ಣ ಮಚ್ಚೆಮಚ್ಚೆಯಾಗುತ್ತದೆ.

ಪುಟ್ಟ ತಗಡಿನ ಬಟ್ಟಲಿನಲ್ಲಿ ಲೇತಿನಿಂದಲೇ ಉದುರಿದ ಹಿತ್ತಾಳೆಯ ತರಿಯನ್ನು ಎಣ್ಣೆ ಹೋಗುವಂತೆ ತೊಳೆದು ತುಂಬಿ, ಅದರಲ್ಲಿ ಸ್ಕ್ರೂವನ್ನು ತಲೆ ಮಾತ್ರ ಕಾಣುವಂತೆ ನೆಟ್ಟು, ಕೆಳಗಿನಿಂದ ಸ್ಪಿರಿಟ್ ದೀಪದ ಸಣ್ಣ ಉರಿ ಕೊಡಬೇಕು. ತರಿ ಶಾಖವನ್ನು ಎಲ್ಲ ಕಡೆಗೂ ಸಮವಾಗಿ ಹಂಚುತ್ತದೆ. ಕೆಲವು ನಿಮಿಷ ಏನೂ ಆಗುವುದಿಲ್ಲ. ಆಮೇಲೆ 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಒಣಹುಲ್ಲಿನ ಹಳದಿ ಕಾಣಿಸಿಕೊಂಡು, ಕಂದಾಗಿ, 280ರ ಹತ್ತಿರ ನೇರಳೆಗೆ ತಿರುಗಿ, 290 ದಾಟುತ್ತಿದ್ದಂತೆ ಆಳವಾದ ನೀಲಿ ಬರುತ್ತದೆ. ನೇರಳೆಯಿಂದ ನೀಲಿಗೆ ಹೋಗುವ ಹೊತ್ತು ಬಹಳ ಕಡಿಮೆ, ಅಲ್ಲಿಂದ ಮುಂದೆ ಬಣ್ಣ ಬಿಳಿಚಿಕೊಂಡು ಬೂದಿಯಾಗುತ್ತದೆ. ಹಾಗಾದರೆ ಮತ್ತೆ ಉಜ್ಜಿ ಮೊದಲಿನಿಂದ ಆರಂಭಿಸಬೇಕು. ಆದ್ದರಿಂದ ಚಿಮುಟವನ್ನು ಕೈಯಲ್ಲೇ ಹಿಡಿದು ಕಾದಿದ್ದು, ತಲೆಯ ಅಂಚಿನ ಕೊನೆಯ ನೇರಳೆ ಮಾಸುತ್ತಿರುವಾಗಲೇ ಸ್ಕ್ರೂವನ್ನು ಎತ್ತಿ ತಣ್ಣನೆಯ ಕಬ್ಬಿಣದ ತುಂಡಿನ ಮೇಲಿಟ್ಟು, ಆರಿದ ಮೇಲೆ ಗಡಿಯಾರದ ಎಣ್ಣೆಯನ್ನು ಒಂದು ಸಲ ಸವರಬೇಕು.